ವಾಜಿಬ್: ಬಾಡಿಗೆ ಮನೆಯವರಿಗೂ ಒಂದು ಕರ್ತವ್ಯ ಇದೆಯಾ?

ಮೊದಲು ಒಂದು ಸಣ್ಣ ಪರೀಕ್ಷೆ. ನೀವು ನೋಡಿರುವ ಅರಬಿ ಸಿನಿಮಾಗಳ ಹೆಸರು ಹೇಳಿ ನೋಡೋಣ. ಅರಬರು ಖಳನಾಯಕರಾಗಿ ಬರುವ ಹಾಲಿವುಡ್ ಸಿನಿಮಾ ಲೆಕ್ಕಕ್ಕಿಲ್ಲ. ದುಬೈನಲ್ಲಿ ಹಾಡು ಚಿತ್ರೀಕರಿಸಿದ ಹಿಂದಿ ಸಿನಿಮಾನೂ ಲೆಕ್ಕಕ್ಕಿಲ್ಲ. ಅರಬರೇ ಬರೆದು, ಅರಬರೇ ನಿರ್ದೇಶಿಸಿ, ಅರಬಿಯಲ್ಲೇ ಮಾತಾಡುವ ಸಿನಿಮಾ. ಒಂದು? ಎರಡು?

ನ್ಯೂಜೆರ್ಸಿಯಲ್ಲೋ ಮೆಲ್ಬರ್ನಿನಲ್ಲೋ ಕೂತು ಇದನ್ನು ಓದುತ್ತಿರುವವರಿಗೆ ಒಂದು ಹೆಸರೂ ಹೊಳೆಯದಿದ್ದರೆ ಆಶ್ಚರ್ಯವೇನಿಲ್ಲ. ಆದರೆ ಅಬುಧಾಬಿಯ ಖಲೀಫಾ ಸಿಟಿಯಲ್ಲಿ ಹತ್ತು ವರ್ಷ ಸಂಸಾರ ಮಾಡಿದ ಕನ್ನಡಿಗರನ್ನು ಕೇಳಿದರೂ ಬಹಳ ಸಲ ಉತ್ತರ ಇಷ್ಟೇ. ಯಾರನ್ನೂ ಬೈಯಬೇಕು ಅಂತ ನಾನಿದನ್ನು ಎತ್ತುತ್ತಿಲ್ಲ. ಇದು ಬರೀ ಅಭಿರುಚಿಯ ವಿಷಯವಾ, ಇಲ್ಲಾ ಸರಿ-ತಪ್ಪಿನ ವಿಷಯವಾ ಅನ್ನೋದನ್ನು ನಿಮ್ಮ ಜೊತೆ ಕೂತು ಯೋಚಿಸಬೇಕು, ಅಷ್ಟೆ.

ಅರ್ಧ ಗಂಟೆ ದೂರದ 'ನಮ್ಮ ಸಿನಿಮಾ'

ಖಲೀಫಾ ಸಿಟಿ ನೋಡದವರಿಗೆ ಎರಡು ಮಾತು. ಅಬುಧಾಬಿಯ ಹಳೇ ಭಾಗ ಇರುವುದು ಒಂದು ದ್ವೀಪದ ಮೇಲೆ. ಸೇತುವೆ ದಾಟಿ ವಿಮಾನ ನಿಲ್ದಾಣದ ಕಡೆ ಬಂದರೆ ಮರಳು ಬಣ್ಣದ ಕಾಂಪೌಂಡುಗಳು, ಸಾಲು ಸಾಲು ವಿಲ್ಲಾಗಳು. ಅದೇ ಖಲೀಫಾ ಸಿಟಿ. ಒಂದು ವಿಲ್ಲಾದಲ್ಲಿ ಎಮಿರಾತಿ ಕುಟುಂಬ, ಪಕ್ಕದ್ದರಲ್ಲಿ ಈಜಿಪ್ಟಿನವರು, ಅದರಾಚೆ ಮಂಗಳೂರಿನವರು. ಕಿರಾಣಿ ಅಂಗಡಿಯವರು ಮಲಯಾಳಿ, ಟ್ಯಾಕ್ಸಿಯವರು ಪೇಶಾವರದವರು, ಆಫೀಸಿನ ಭಾಷೆ ಇಂಗ್ಲಿಷ್. ಕರಕ್ ಚಹಾ ಹೇಳೋದಕ್ಕೆ ಹಿಂದಿ ಸಾಕು. ಈ ದೇಶದಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಹೊರಗಿನಿಂದ ಬಂದವರೇ. ಹಾಗಾಗಿ ಅರಬಿ ಇಲ್ಲದೆ ಇಲ್ಲಿ ಒಂದು ದಿನವೇನು, ಒಂದು ಆಯುಷ್ಯವನ್ನೇ ಕಳೆಯಬಹುದು. ಬಾಂಗು ಕೇಳಿಸುತ್ತಿರತ್ತೆ, ರಸ್ತೆಯ ಬೋರ್ಡು ಕಾಣಿಸುತ್ತಿರತ್ತೆ. ಅದರಾಚೆಗೆ ಏನೂ ಬೇಕಾಗಲ್ಲ.

ಅಲ್ಲಿಂದ ಕಾರಿನಲ್ಲಿ ಅರ್ಧ ಗಂಟೆ ಹೋದರೆ ಸಾದಿಯಾತ್ ದ್ವೀಪ. ಅಲ್ಲಿರುವ ನ್ಯೂಯಾರ್ಕ್ ಯೂನಿವರ್ಸಿಟಿ ಅಬುಧಾಬಿ ಸಂಗೀತ, ನಾಟಕ, ನೃತ್ಯದ ಜೊತೆಗೆ ಇಂದಿನ ಅರಬ್ ಸಿನಿಮಾಗಳ ಒಂದು ಸರಣಿಯನ್ನೂ ನಡೆಸಿದೆ. ಅದರ ಹೆಸರು 'ಸಿನಿಮಾನಾ'. ಅರಬಿಯಲ್ಲಿ ಪದದ ಕೊನೆಗೆ 'ನಾ' ಸೇರಿಸಿದರೆ 'ನಮ್ಮ' ಅಂತ ಅರ್ಥ. ಬೆಂಗಳೂರಿನಲ್ಲಿ ನಾವು 'ನಮ್ಮ ಮೆಟ್ರೋ' ಅನ್ನೋ ಹಾಗೆ ಅವರದು 'ನಮ್ಮ ಸಿನಿಮಾ'.

ಈಗ ನನ್ನ ಪ್ರಶ್ನೆ ಇದು. ಆ 'ನಮ್ಮ' ಅನ್ನೋದರೊಳಗೆ ಖಲೀಫಾ ಸಿಟಿಯ ಕನ್ನಡಿಗರು ಸೇರುತ್ತಾರಾ? ಸೇರದಿದ್ದರೆ, ಹೋಗಿ ನೋಡುವ ಹೊಣೆಯೇನಾದರೂ ಅವರ ಮೇಲೆ ಇದೆಯಾ?

ಎರಡು ಊರು, ಎರಡು ತಕ್ಕಡಿ

ಉತ್ತರ ಸುಲಭ ಅಂತ ಅನಿಸಬಹುದು. ಬೆಂಗಳೂರಿಗೆ ಬಂದು ಹತ್ತು ವರ್ಷವಾದರೂ ಕನ್ನಡದ ಒಂದು ಮಾತು ಬರದವರ ಬಗ್ಗೆ ನಾವು ಏನು ಹೇಳುತ್ತೇವೆ ಅಂತ ನಿಮಗೆ ಗೊತ್ತು. "ಇಲ್ಲಿಯ ನೀರು ಕುಡಿದು, ಇಲ್ಲಿಯ ಅನ್ನ ಉಂಡು, ಇಲ್ಲಿಯ ಭಾಷೆ ಬೇಡವಾ?" ಅಂತೀವಿ. ಅದೇ ತಕ್ಕಡಿಯಲ್ಲಿ ನಮ್ಮನ್ನೂ ತೂಗಿದರೆ ಮಾತು ಅಲ್ಲಿಗೇ ಮುಗಿಯಿತಲ್ಲ?

ಅಷ್ಟು ಬೇಗ ಮುಗಿಯುವುದಿಲ್ಲ. ಬೆಂಗಳೂರಿಗೆ ಬಂದವರಿಗೆ ಅಲ್ಲಿ ಓಟು ಹಾಕುವ ಹಕ್ಕಿದೆ, ಮನೆ ಕೊಂಡು ಮೊಮ್ಮಕ್ಕಳವರೆಗೂ ಇರಬಹುದು, ಯಾರೂ ಹೋಗಿ ಅನ್ನುವ ಹಾಗಿಲ್ಲ. ಕೊಲ್ಲಿಯಲ್ಲಿ ಹಾಗಲ್ಲ. ಸಾಮಾನ್ಯವಾಗಿ ನೀವು ಇರುವುದು ವೀಸಾದ ಮೇಲೆ, ವೀಸಾ ಇರುವುದು ಕೆಲಸದ ಮೇಲೆ. ಇಪ್ಪತ್ತೈದು ವರ್ಷ ದುಡಿದರೂ ನಿವೃತ್ತಿಯಾದ ಮೇಲೆ ಬಹಳಷ್ಟು ಜನ ಊರಿಗೆ ಮರಳುತ್ತಾರೆ. ಇಲ್ಲೇ ಹುಟ್ಟಿದ ಮಗುವಿನ ಕೈಯಲ್ಲೂ ಭಾರತದ ಪಾಸ್‌ಪೋರ್ಟೇ. ನಾಳೆ ಖಾಲಿ ಮಾಡಬೇಕಾದ ಮನೆಯ ಗೋಡೆಗೆ ಯಾರಾದರೂ ಬಣ್ಣ ಹೊಡೀತಾರಾ ಅಂತ ಯಾರಾದರೂ ಕೇಳಿದರೆ ಅದು ಸೋಮಾರಿಯ ಮಾತಲ್ಲ. ನಿಮ್ಮನ್ನು ಪೂರ್ತಿ ಒಳಗೆ ಕರೆಯದ ಊರಿನ ಕಥೆಯನ್ನು ನೀವು ಯಾಕೆ ಕೇಳಬೇಕು? ಈ ವಾದವನ್ನು ಪಕ್ಕಕ್ಕೆ ತಳ್ಳದೆ ಮುಂದೆ ಹೋಗೋಣ.

ತಾತ್ಕಾಲಿಕವಾಗಿ ಇರುವವರ ವರ್ಷಗಳೂ ವರ್ಷಗಳೇ ಅನ್ನೋದಕ್ಕೆ ನಮ್ಮ ಕರಾವಳಿಯಲ್ಲೇ ಒಂದು ಹಳೇ ಉದಾಹರಣೆ ಇದೆ. 12ನೇ ಶತಮಾನದಲ್ಲಿ ಟುನೀಸಿಯಾ ಕಡೆಯ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಮಂಗಳೂರಿಗೆ ಬಂದು ಸುಮಾರು ಹದಿನೇಳು ವರ್ಷ ಇದ್ದ. ಮನೆಮಾತು ಅರಬಿ. ಇಲ್ಲಿಯವಳಾದ ಅಶು ಎಂಬಾಕೆಯನ್ನು ಕಟ್ಟಿಕೊಂಡ, ಬೊಮ್ಮ ಎಂಬ ತುಳುನಾಡಿನವನನ್ನು ತನ್ನ ವ್ಯಾಪಾರದ ಕೈಯಾಗಿ ಇಟ್ಟುಕೊಂಡ. ಅವನ ಕಾಗದಗಳು ಕೈರೋದ ಒಂದು ಯಹೂದಿ ಮಂದಿರದ ಉಗ್ರಾಣದಲ್ಲಿ ಉಳಿದುಕೊಂಡವು. ಅಮಿತಾವ್ ಘೋಷ್ 1992ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಆ ಕಥೆಯನ್ನು ಬಿಡಿಸಿಟ್ಟರು. ಬೆನ್ ಯಿಜು ಕೊನೆಗೆ ಮಂಗಳೂರು ಬಿಟ್ಟು ಹೊರಟೇ ಹೋದ. ಆದರೂ ಒಂಬೈನೂರು ವರ್ಷದ ಮೇಲೆ ನಮಗೆ ಬೊಮ್ಮ ಅನ್ನೋ ಹೆಸರು ಗೊತ್ತಾಗಿರುವುದು, ಹೊರಗಿನಿಂದ ಬಂದ ಒಬ್ಬ ವ್ಯಾಪಾರಿಯ ಕಾಗದಗಳಲ್ಲಿ ಅದು ಬಂದದ್ದರಿಂದ.

ಪದವೂ ನಮ್ಮದೇ

'ವಾಜಿಬ್' ಅನ್ನುವ ಒಂದು ಸಿನಿಮಾ ಇದೆ. ನಿರ್ದೇಶಕಿ ಪ್ಯಾಲೆಸ್ತೀನಿನ ಆನ್‌ಮರೀ ಜಾಸಿರ್, ವರ್ಷ 2017. ಆ ಸಲದ ದುಬೈ ಚಿತ್ರೋತ್ಸವದಲ್ಲಿ ಅತ್ಯುತ್ತಮ ಕಥಾಚಿತ್ರದ ಪ್ರಶಸ್ತಿ ಅದಕ್ಕೇ ಬಂತು. ವಾಜಿಬ್ ಅಂದರೆ ಮಾಡಲೇಬೇಕಾದದ್ದು, ಕರ್ತವ್ಯ. ಕನ್ನಡಕ್ಕೆ ಇದು ಹೊಸ ಪದವೇನಲ್ಲ. ಉತ್ತರ ಕರ್ನಾಟಕದ ಕಡೆ 'ವಾಜಬಿ ಮಾತು' ಅಂತಾರೆ, ನ್ಯಾಯವಾದ ಮಾತು ಅಂತ ಅರ್ಥ. ಕನ್ನಡ ಕಲಿಯುತ್ತಿರುವ ಮಕ್ಕಳಿಗೆ ಹೇಳುವುದಾದರೆ ಜಿಲ್ಲೆ, ತಾಲೂಕು, ತಾರೀಖು, ಅರ್ಜಿ, ಹಾಜರಿ, ವಕೀಲ, ಹಕ್ಕು, ಖಾಲಿ ಎಲ್ಲ ಅರಬಿ ಮೂಲದವೇ. ಪಾರಸಿ, ಉರ್ದು, ಮರಾಠಿ ದಾಟಿಕೊಂಡು ನಮ್ಮ ಕಚೇರಿಗೂ ಮನೆಗೂ ಬಂದವು. ಅರಬಿ ನಮಗೆ ಪೂರ್ತಿ ಪರಕೀಯ ಅಂತ ಹೇಳಬೇಕಾದರೂ 'ಹಾಜರಿ' ಹಾಕದೆ ಹೇಳೋದು ಕಷ್ಟ.

ಇನ್ನು ಸಿನಿಮಾದ ಕಥೆ. ನಜರೆತ್ ಪಟ್ಟಣದಲ್ಲಿ ಮಗಳ ಮದುವೆ. ಅಲ್ಲಿಯ ಪದ್ಧತಿ ಪ್ರಕಾರ ಲಗ್ನಪತ್ರಿಕೆಯನ್ನು ಅಂಚೆಯಲ್ಲಿ ಹಾಕುವ ಹಾಗಿಲ್ಲ, ಮನೆಮನೆಗೆ ಹೋಗಿ ಕೈಯಲ್ಲೇ ಕೊಡಬೇಕು. ಅಪ್ಪ ಊರಲ್ಲೇ ಉಳಿದ ಮೇಷ್ಟ್ರು, ಮಗ ಇಟಲಿಯಲ್ಲಿ ನೆಲೆಸಿರುವ ಆರ್ಕಿಟೆಕ್ಟ್. ಇಬ್ಬರೂ ಹಳೇ ವೋಲ್ವೋ ಕಾರಿನಲ್ಲಿ ಒಂದಿಡೀ ದಿನ ಸುತ್ತುತ್ತಾರೆ. ಪ್ರತಿ ಮನೆಯಲ್ಲೂ ಕೂರಬೇಕು, ಏನಾದರೂ ಕುಡಿಯಬೇಕು, ಅದೇ ಪ್ರಶ್ನೆಗಳಿಗೆ ಅದೇ ಉತ್ತರ ಕೊಡಬೇಕು. ಅರಿಶಿನ ಕುಂಕುಮ ಹಚ್ಚಿದ ಪತ್ರಿಕೆ ಹಿಡಿದು ಬಿಸಿಲಲ್ಲಿ ನೆಂಟರ ಮನೆ ಸುತ್ತಿದ ಯಾವ ಕನ್ನಡಿಗರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. "ಇನ್ನೂ ಎಷ್ಟು ಮನೆ ಇದೆಯಪ್ಪಾ?" ಅನ್ನೋ ದಣಿವು ನಮಗೆ ಮೊದಲೇ ಗೊತ್ತು. ಅಪ್ಪ ಮಗನ ಪಾತ್ರ ಮಾಡಿದ ಮೊಹಮ್ಮದ್ ಬಕ್ರಿ, ಸಾಲೆಹ್ ಬಕ್ರಿ ನಿಜವಾಗಿಯೂ ಅಪ್ಪ ಮಗ.

ಕಾರಿನೊಳಗೆ ಜಗಳ ಶುರುವಾಗತ್ತೆ. ಮಗನಿಗೆ ಊರಿನ ಕಸ ಕಂಡರೆ ಸಿಟ್ಟು, ಮನೆಗಳ ಮೇಲೆ ಹೊದಿಸಿದ ಪ್ಲಾಸ್ಟಿಕ್ ಕಂಡರೆ ಸಿಟ್ಟು. ಒಬ್ಬ ಇಸ್ರೇಲಿ ಪರಿಚಯಸ್ಥನನ್ನು ಅಪ್ಪ ಮದುವೆಗೆ ಕರೆಯಬೇಕು ಅಂತಾನೆ. ತಾನು ಊರು ಬಿಡುವಂತಾದದ್ದೇ ಅವನಂಥ ಗುಪ್ತಚರರಿಂದ ಅನ್ನೋದು ಮಗನ ಅನುಮಾನ. ಅಪ್ಪನ ಲೆಕ್ಕ ಬೇರೆ. ನೀನು ಹೊರಟು ಹೋದೆ, ನಾನು ದಿನಾ ಇವರ ಮಧ್ಯೆಯೇ ಬದುಕಬೇಕು, ಶಾಲೆ ನಡೆಸಬೇಕು, ಮಗಳ ಮದುವೆ ಮಾಡಬೇಕು ಅನ್ನೋದು ಅವನ ಕಷ್ಟ. ಯಾರು ಸರಿ ಅಂತ ಜಾಸಿರ್ ತೀರ್ಪು ಕೊಡುವುದಿಲ್ಲ.

ಬೆಂಗಳೂರಿನ ಕೆರೆ, ಕಸ, ಟ್ರಾಫಿಕ್ಕು, "ನಮ್ಮ ಊರಲ್ಲಿ ಕನ್ನಡವೇ ಇಲ್ಲ" ಅನ್ನೋ ದೂರು, ಇವನ್ನೆಲ್ಲ ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ದೂರದಿಂದಲೇ ಹಾಕುತ್ತೇವಲ್ಲ, ನಮ್ಮ ಆ ಧ್ವನಿ ಈ ಮಗನ ಬಾಯಲ್ಲಿ ಕೇಳಿಸುತ್ತದೆ. ಬಿಟ್ಟು ಹೋದವರಿಗೆ ಊರನ್ನು ಅಳೆಯುವ ಹಕ್ಕು ಎಷ್ಟು? ಉಳಿದುಕೊಂಡವರು ಮಾಡಿಕೊಂಡ ರಾಜಿಗಳಿಗೆ ಬೆಲೆ ಎಷ್ಟು? ಹೊರದೇಶದಲ್ಲಿರುವ ಕನ್ನಡ ಕುಟುಂಬಗಳ ದೊಡ್ಡ ಪ್ರಶ್ನೆಗಳಲ್ಲಿ ಇದೂ ಒಂದು. ಅದನ್ನು ಇಷ್ಟು ಹತ್ತಿರದಿಂದ ಹಿಡಿದ ಸಿನಿಮಾ ಅರಬಿಯಲ್ಲಿದೆ.

ಕರ್ತವ್ಯ ಅಂದರೆ ಏನು ಅಂತಲೂ ಈ ಸಿನಿಮಾ ಒಂದು ಅಳತೆ ಕೊಡತ್ತೆ. ಅದು ತ್ಯಾಗದಷ್ಟು ದೊಡ್ಡದಲ್ಲ. ಪ್ರೀತಿ ಇದ್ದಾಗ ಮಾತ್ರ ಮಾಡುವಂಥದ್ದೂ ಅಲ್ಲ. ಮೆಟ್ಟಿಲು ಹತ್ತಿ, ಬಾಗಿಲು ತಟ್ಟಿ, ಹತ್ತು ನಿಮಿಷ ಕೂತು ಬರುವುದು. ಬಾಡಿಗೆದಾರನ ಕರ್ತವ್ಯದ ಅಳತೆಯೂ ಸುಮಾರು ಇಷ್ಟೇ ಇರಬೇಕು ಅಂತ ನನ್ನ ವಾದ. ಗೋಡೆಗೆ ಬಣ್ಣ ಹೊಡೆಯಬೇಕಾಗಿಲ್ಲ. ಪಕ್ಕದ ಮನೆಯವರ ಹೆಸರಾದರೂ ಗೊತ್ತಿರಬೇಕು.

ಕಿಟಕಿ ಯಾಕೆ ಬೇಕಾಯಿತು

ಅರಬ್ ದೇಶದಲ್ಲೇ ಅರಬ್ ಸಿನಿಮಾಕ್ಕೆ ಉತ್ಸವ, ಸರಣಿ, ಪ್ರದರ್ಶನ ಯಾಕೆ ಬೇಕು ಅಂತ ನೀವು ಕೇಳಬಹುದು. ಕರ್ನಾಟಕದ ಮಲ್ಟಿಪ್ಲೆಕ್ಸಿನಲ್ಲಿ ಕನ್ನಡ ಸಿನಿಮಾಕ್ಕೆ ಒಳ್ಳೇ ಹೊತ್ತಿನ ಆಟ ಸಿಗದೆ ಒದ್ದಾಡಿದ್ದನ್ನು ನೋಡಿದವರು ಇದನ್ನು ಕೇಳಬೇಕಾಗಿಲ್ಲ. ಇಲ್ಲಿಯ ಮಾಲ್‌ಗಳ ಪರದೆ ತುಂಬುವುದು ಹಾಲಿವುಡ್, ಹಿಂದಿ, ಮಲಯಾಳಂ ಮತ್ತು ಈಜಿಪ್ಟಿನ ಜನಪ್ರಿಯ ಹಾಸ್ಯಚಿತ್ರಗಳಿಂದ. ಸುಡಾನಿನ, ಜೋರ್ಡಾನಿನ, ಟುನೀಸಿಯಾದ ಒಂದು ಸಣ್ಣ ಸಿನಿಮಾಕ್ಕೆ ಅಲ್ಲಿ ಜಾಗ ಕಷ್ಟ.

ಈ ಕೊರತೆ ತುಂಬೋದಕ್ಕೆ ದುಬೈ ಚಿತ್ರೋತ್ಸವ 2004ರಲ್ಲಿ ಶುರುವಾಯಿತು, ಅಬುಧಾಬಿಯದು 2007ರಲ್ಲಿ. ಅಬುಧಾಬಿ ಉತ್ಸವ 2010ರಲ್ಲಿ ಅರಬ್ ನಿರ್ದೇಶಕರಿಗೆ ಹಣ ಕೊಡುವ 'ಸನದ್' ಎಂಬ ನಿಧಿಯನ್ನೂ ತೆರೆಯಿತು. ನಮ್ಮ ಹಳೇ ಜಮೀನು ಕಾಗದಗಳಲ್ಲಿ ಬರುವ 'ಸನದು' ಇದೇ ಪದ. ಅರಬಿಯಲ್ಲಿ ಇದಕ್ಕೆ ಆಸರೆ ಅನ್ನುವ ಅರ್ಥವೂ ಇದೆ. ಎರಡು ಉತ್ಸವಗಳೂ ಬಹಳ ಕಾಲ ಬಾಳಲಿಲ್ಲ. ಅಬುಧಾಬಿಯದು 2014ರ ಆವೃತ್ತಿಗೆ ನಿಂತಿತು, ದುಬೈದು 2017ರದಕ್ಕೆ. ಆಮೇಲೆ ಉಳಿದವು ಸಿನಿಮಾನಾ ಥರದ ಸರಣಿಗಳು, ಕಲಾ ಉತ್ಸವಗಳ ಒಳಗಿನ ಪ್ರದರ್ಶನಗಳು, ಮತ್ತು ದುಬೈನ ಅಲ್ ಕೂಜ್ ಗೋದಾಮುಗಳ ನಡುವೆ ಇರುವ 'ಸಿನಿಮಾ ಅಕೀಲ್'. ಬುಥೈನಾ ಕಾಜಿಮ್ ಎಂಬ ಎಮಿರಾತಿ ಮಹಿಳೆ 2014ರಲ್ಲಿ ಊರೂರು ತಿರುಗುವ ಪರದೆಯಾಗಿ ಶುರು ಮಾಡಿ, 2018ರಲ್ಲಿ ಒಂದು ಕಡೆ ನೆಲೆ ನಿಲ್ಲಿಸಿದ ಚಿತ್ರಮಂದಿರ ಅದು.

ಪಕ್ಕದ ಸೌದಿ ಅರೇಬಿಯಾದಲ್ಲಿ ಸುಮಾರು ಮೂವತ್ತೈದು ವರ್ಷ ಚಿತ್ರಮಂದಿರಗಳೇ ಇರಲಿಲ್ಲ, 2018ರವರೆಗೂ. ಆ ಬರಗಾಲದ ನಡುವೆಯೇ ಹೈಫಾ ಅಲ್ ಮನ್ಸೂರ್ 2012ರಲ್ಲಿ 'ವಜ್ದಾ' ಮಾಡಿದರು. ಸೈಕಲ್ ಬೇಕು ಅಂತ ಹಟ ಹಿಡಿದ ರಿಯಾದಿನ ಒಬ್ಬ ಹುಡುಗಿಯ ಕಥೆ. ಹೆಣ್ಣುಮಗಳು ಬೀದಿಯಲ್ಲಿ ಗಂಡಸರ ನಡುವೆ ನಿಂತು ಚಿತ್ರೀಕರಣ ನಡೆಸುವ ಹಾಗಿರಲಿಲ್ಲ. ಹಾಗಾಗಿ ಹೊರಗಿನ ಎಷ್ಟೋ ದೃಶ್ಯಗಳನ್ನು ಅವರು ವ್ಯಾನಿನೊಳಗೆ ಕೂತು ವಾಕಿಟಾಕಿಯಲ್ಲೇ ನಿರ್ದೇಶಿಸಿದರು. ಇಷ್ಟು ಕಷ್ಟಪಟ್ಟು ಹೇಳಿದ ಕಥೆ ಪಕ್ಕದ ದೇಶದಲ್ಲಿ ಅರ್ಧ ಗಂಟೆ ದೂರದಲ್ಲಿ ತೆರೆಗೆ ಬಂದಾಗ, ನೋಡದೇ ಇರುವುದಕ್ಕೆ ನಮ್ಮ ಕಾರಣವೂ ಸ್ವಲ್ಪ ಗಟ್ಟಿಯಾಗಿರಬೇಕು.

ಕಿಟಕಿಯ ಅಪಾಯ

ಕಿಟಕಿಗೂ ಅದರದೇ ತೊಂದರೆಗಳಿವೆ. ಮೊದಲನೇದು 'ಅರಬ್' ಅನ್ನೋ ಹಣೆಪಟ್ಟಿ. ಅರಬ್ ಲೀಗಿನಲ್ಲಿ 22 ಸದಸ್ಯರಿದ್ದಾರೆ. ಮೊರೊಕ್ಕೋದವರ ಆಡುಮಾತು ಕೊಲ್ಲಿಯವರಿಗೆ ಎಷ್ಟೋ ಸಲ ಅರ್ಥವಾಗಲ್ಲ. 'ಇಂಡಿಯನ್ ಸಿನಿಮಾ' ಅಂದ ಕೂಡಲೇ ಬಾಲಿವುಡ್ ಹಾಡು ಗುನುಗುವವರನ್ನು ಕಂಡರೆ ನಮಗೆ ಎಷ್ಟು ಕಿರಿಕಿರಿಯಾಗತ್ತೆ ಅಂತ ನೆನಪಿಸಿಕೊಳ್ಳಿ.

ಎರಡನೇದು ಕರುಣೆ. ಗಿರೀಶ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ'ದ ಹೊಸದಾಗಿ ಸರಿಪಡಿಸಿದ ಪ್ರತಿ 2024ರಲ್ಲಿ ವೆನಿಸ್‌ನಲ್ಲಿ ತೆರೆ ಕಂಡಿತು. ಅದನ್ನು ನೋಡಿದ ಯಾರೋ ಒಬ್ಬರು ಹೊರಗೆ ಬಂದು "ಅಯ್ಯೋ ಪಾಪ, ಕನ್ನಡದವರು ವಿಧವೆಯರನ್ನು ಹೀಗೆ ಮಾಡ್ತಾರಂತೆ" ಅಂದುಬಿಟ್ಟರೆ ನಿಮಗೆ ಹೇಗನಿಸತ್ತೆ? ಸಿನಿಮಾದಲ್ಲಿ ಅದೂ ಇದೆ, ನಿಜ. ಆದರೆ ಯಮುನಕ್ಕನನ್ನು ನೋಡುತ್ತಾ ನಿಂತ ಆ ಪುಟ್ಟ ಹುಡುಗ ನಾಣಿ? ಕಣ್ಣೆದುರೇ ಅನ್ಯಾಯ ನಡೆಯುವಾಗ ಏನೂ ಮಾಡಲಾಗದ ಅವನ ಸಂಕಟ ವೆನಿಸ್‌ನವರದ್ದೂ ಆಗಬೇಕಿತ್ತಲ್ಲ? ಪಾಪ ಅಂದ ಕೂಡಲೇ ನೋಡುವವರು ಆಚೆ ದಡದಲ್ಲಿ ಸುರಕ್ಷಿತ. ಅಂಗಡಿಯ ಗಾಜಿನೊಳಗಿನ ಬೊಂಬೆ ಗಿರಾಕಿಯನ್ನು ತಿರುಗಿ ನೋಡುವುದಿಲ್ಲ. ಒಳ್ಳೇ ಸಿನಿಮಾ ನೋಡುತ್ತದೆ.

ಅಡುಗೆಮನೆಯ ಪಕ್ಕದ ಕೋಣೆ

ಹಾಗೆ ತಿರುಗಿ ನೋಡುವ ಸಿನಿಮಾ ಬೇಕಾದರೆ 'ಗುಡ್‌ಬೈ ಜೂಲಿಯಾ' ಇದೆ. ನಿರ್ದೇಶಕ ಮೊಹಮ್ಮದ್ ಕೊರ್ದೊಫಾನಿ. ಬಹುಕಾಲ ಬಹರೇನಿನಲ್ಲಿ ವಿಮಾನಗಳ ಎಂಜಿನಿಯರ್ ಆಗಿ ದುಡಿದವರು, ಅಂದರೆ ನಮ್ಮ ಹಾಗೆಯೇ ಕೊಲ್ಲಿಗೆ ಹೊಟ್ಟೆಪಾಡಿಗೆ ಬಂದವರು. 2023ರ ಕಾನ್ ಉತ್ಸವದ 'ಅನ್ ಸರ್ಟೆನ್ ರಿಗಾರ್' ವಿಭಾಗಕ್ಕೆ ಆಯ್ಕೆಯಾದ ಮೊದಲ ಸುಡಾನಿ ಸಿನಿಮಾ ಇದು. ಅದಕ್ಕೆ ಒಂದು ತಿಂಗಳ ಮುಂಚೆ, ಏಪ್ರಿಲ್‌ನಲ್ಲಿ, ಖಾರ್ಟೂಮ್ ನಗರ ಯುದ್ಧಕ್ಕೆ ಬಿದ್ದಿತ್ತು.

ಕಥೆ ಶುರುವಾಗುವುದು 2005ರ ಖಾರ್ಟೂಮ್‌ನಲ್ಲಿ. ದಕ್ಷಿಣದವರ ನಾಯಕ ಜಾನ್ ಗರಂಗ್ ತೀರಿಕೊಂಡು ಊರೆಲ್ಲ ಗಲಭೆ. ಮೋನಾ ಉತ್ತರದ ಅನುಕೂಲಸ್ಥ ಮನೆಯ ಗೃಹಿಣಿ, ಗಂಡನಿಗೆ ಇಷ್ಟವಿಲ್ಲ ಅಂತ ಹಾಡುವುದನ್ನೇ ಬಿಟ್ಟವಳು. ಅವಳ ಕಾರು ದಕ್ಷಿಣದ ಒಬ್ಬ ಹುಡುಗನಿಗೆ ತಾಗತ್ತೆ. ಹೆದರಿ ಓಡುತ್ತಾಳೆ. ಹುಡುಗನ ಅಪ್ಪ ಬೆನ್ನಟ್ಟಿಕೊಂಡು ಬರುತ್ತಾನೆ. ಏನು ನಡೆದಿದೆ ಅಂತ ತಿಳಿಯದ ಮೋನಾಳ ಗಂಡ ಅವನಿಗೆ ಗುಂಡು ಹೊಡೆಯುತ್ತಾನೆ. ಪ್ರಕರಣ ಮುಚ್ಚಿಹೋಗತ್ತೆ. ಮೋನಾ ಸತ್ತವನ ಹೆಂಡತಿ ಜೂಲಿಯಾಳನ್ನು ಹುಡುಕಿ, ನಿಜ ಹೇಳದೆ, ಮನೆಗೆಲಸಕ್ಕೆ ಇಟ್ಟುಕೊಳ್ಳುತ್ತಾಳೆ. ಮಗುವಿನ ಶಾಲೆಯ ಖರ್ಚು ನೋಡಿಕೊಳ್ಳುತ್ತಾಳೆ. ಸ್ನೇಹವೂ ಬೆಳೆಯುತ್ತದೆ. ಕೊನೆಗೆ 2011ರಲ್ಲಿ ದೇಶವೇ ಎರಡಾಗುವ ಹೊತ್ತು ಬರುತ್ತದೆ.

ಒಳ್ಳೆಯತನ ಅಂದರೆ ಏನು ಅಂತ ಈ ಸಿನಿಮಾ ಬೆಂಬಿಡದೆ ಕೇಳುತ್ತದೆ. ಮೋನಾ ಕೆಟ್ಟವಳಲ್ಲ. ಆದರೆ ಅವಳ ದಯೆಯ ಕೆಳಗೆ ಒಂದು ಸುಳ್ಳಿದೆ, ಆ ಸುಳ್ಳಿನ ಮೇಲೆ ಅವಳ ನೆಮ್ಮದಿ ನಿಂತಿದೆ. ಸತ್ಯ ಹೇಳಿದರೆ ಜೂಲಿಯಾ ಹೋಗಿಬಿಡಬಹುದು. ಹೇಳದಿದ್ದರೆ ಮಾಡಿದ ಉಪಕಾರವೆಲ್ಲ ಬಾಯಿ ಮುಚ್ಚಿಸಲು ಕೊಟ್ಟ ದುಡ್ಡಿನ ಹಾಗೆ.

ಈಗ ಖಲೀಫಾ ಸಿಟಿಯ ವಿಲ್ಲಾಗೆ ಬನ್ನಿ. ಎಷ್ಟೋ ವಿಲ್ಲಾಗಳ ನಕ್ಷೆಯಲ್ಲೇ ಅಡುಗೆಮನೆಯ ಪಕ್ಕ ಒಂದು ಪುಟ್ಟ ಕೋಣೆ ಇರುತ್ತದೆ, ಕೆಲಸದಾಕೆಗೆ. ಇಥಿಯೋಪಿಯಾದಿಂದಲೋ, ಫಿಲಿಪ್ಪೀನ್ಸ್‌ನಿಂದಲೋ, ಆಂಧ್ರದಿಂದಲೋ ಬಂದಾಕೆ. ಎಷ್ಟೋ ಸಲ ಆಕೆಯ ವೀಸಾಗೆ ಸಹಿ ಹಾಕಿದವರು ಮನೆಯವರೇ, ಅಂದರೆ ನಾವೇ. "ನಮ್ಮ ಮನೆಯವಳ ಥರಾನೇ ನೋಡ್ಕೋತೀವಿ" ಅಂತೀವಿ. ನಮ್ಮೂರಿನ ಹಿತ್ತಿಲ ಬಾಗಿಲಲ್ಲಿ ಬೇರೆಯಾಗಿ ಇಟ್ಟಿದ್ದ ಲೋಟ ನೆನಪಿರುವ ತಲೆಮಾರು ಇನ್ನೂ ಇದೆ. ಸುಡಾನಿನ ಉತ್ತರ-ದಕ್ಷಿಣದ ರಾಜಕೀಯ ನಮಗೆ ಗೊತ್ತಿಲ್ಲದಿರಬಹುದು, ಅಡುಗೆಮನೆಯ ರಾಜಕೀಯ ಚೆನ್ನಾಗಿಯೇ ಗೊತ್ತು. ಇದನ್ನು ಬರೀ 'ಅರಬರ ಸಮಸ್ಯೆ' ಅಂತ ನೋಡಿ ಎದ್ದು ಬರುವುದು ಸುಲಭವಲ್ಲ.

ಯಾರು ಯಾರನ್ನು ನೋಡಿದರು?

ಇಲ್ಲಿ ಒಬ್ಬರು ಎದ್ದು ನಿಂತು ಕೇಳಬಹುದು: "ಎಲ್ಲ ಸರಿ. ಆದರೆ ಅವರು ನಮ್ಮ ಕಥೆ ಕೇಳಿದ್ದಾರಾ? ನಾವಷ್ಟೇ ಯಾಕೆ?"

ಕೇಳಿದವರಿದ್ದಾರೆ. ಲೆಬನಾನಿನ ಮಹಮೂದ್ ಕಾಬೂರ್ 2013ರಲ್ಲಿ 'ಚಾಂಪ್ ಆಫ್ ದಿ ಕ್ಯಾಂಪ್' ಅನ್ನುವ ಸಾಕ್ಷ್ಯಚಿತ್ರ ಮಾಡಿದರು. ಎಮಿರೇಟ್ಸ್‌ನ ಲೇಬರ್ ಕ್ಯಾಂಪುಗಳಲ್ಲಿ ನಡೆಯುವ ಹಿಂದಿ ಹಾಡಿನ ಸ್ಪರ್ಧೆಯೊಂದರ ಬೆನ್ನು ಹತ್ತಿದ ಚಿತ್ರ. ಭಾರತ, ಪಾಕಿಸ್ತಾನ, ಬಾಂಗ್ಲಾದಿಂದ ಬಂದು ಕಟ್ಟಡ ಕಟ್ಟುವವರು, ದಿನದ ಕೆಲಸ ಮುಗಿಸಿ ಬಂದು ಹಾಡುವವರು. ಅದೇ ವರ್ಷದ ದುಬೈ ಉತ್ಸವದಲ್ಲಿ ಅದು ತೆರೆ ಕಂಡಿತು. ನಾವು ಮಧ್ಯಮವರ್ಗದ ಭಾರತೀಯರು ಹೆದ್ದಾರಿಯಲ್ಲಿ ಬಿಳಿ ಬಸ್ಸುಗಳ ಕಿಟಕಿಯಲ್ಲಿ ಕಾಣುವ ಆ ಮುಖಗಳನ್ನು ದಾಟಿ ಹೋಗುತ್ತೇವೆ. ಅವರ ಭಾಷೆ ನಮಗೆ ಬರುತ್ತದೆ, ಅವರು ಹಾಡುವ ಹಾಡು ನಮಗೂ ಬಾಯಿಪಾಠ. ಆದರೆ ಅವರ ಕೋಣೆಗೆ ಹೋಗಿ ಕೂತು ಕೇಳಿದವರು ಅರಬಿ ಮನೆಮಾತಿನ ಒಬ್ಬ ನಿರ್ದೇಶಕರು. ಪತ್ರಿಕೆ ಹಿಡಿದು ಮೊದಲು ಬಾಗಿಲು ತಟ್ಟಿದ್ದು ಆ ಕಡೆಯವರೇ ಅಂತಾಯಿತು.

ಇನ್ನೊಂದು ಆಕ್ಷೇಪ ಇದಕ್ಕಿಂತ ಭಾರವಾದದ್ದು. ಇಲ್ಲಿ ಕಲೆಗೆ ಸಿಗುವ ಹಣದಲ್ಲಿ ದೊಡ್ಡ ಪಾಲು ಸರ್ಕಾರದ್ದು ಅಥವಾ ಅದರ ನೆರಳಿನದ್ದು. ಏನು ತೋರಿಸಬಹುದು, ಏನು ತೋರಿಸಬಾರದು ಅನ್ನೋದಕ್ಕೆ ಗೆರೆಗಳಿವೆ. ಉತ್ಸವ ಊರಿಗೊಂದು ಆಭರಣವೂ ಹೌದು. ಹಾಗಾದರೆ ಅಂಥ ಕಿಟಕಿಯಲ್ಲಿ ಇಣುಕುವುದು ನೈತಿಕವಾಗಿ ಎಷ್ಟು ಸರಿ? ನನಗನಿಸುವುದು ಇಷ್ಟು: ಕಿಟಕಿ ಯಾರು ಕಟ್ಟಿಸಿದರು ಅನ್ನೋದನ್ನು ಮರೆಯಬಾರದು, ಅದರ ಚೌಕಟ್ಟಿನಾಚೆ ಏನು ಬಿಟ್ಟುಹೋಗಿದೆ ಅಂತಲೂ ಕೇಳುತ್ತಿರಬೇಕು. ಆದರೆ ಕಿಟಕಿ ಪರಿಪೂರ್ಣವಲ್ಲ ಅನ್ನೋದು ಗೋಡೆಯನ್ನೇ ನೋಡುತ್ತಾ ಕೂರಲು ಕಾರಣವಾಗದು. ನಿಧಿ ಯಾರದಾದರೂ, ಮೋನಾಳ ಸುಳ್ಳು ಮೋನಾಳದ್ದೇ.

ಲೆಕ್ಕಾಚಾರ ಮಾಡದ ಕೆಲಸ

"ಹಾಗಾದರೆ ಮನೆಯಲ್ಲೇ ಓಟಿಟಿಯಲ್ಲಿ ನೋಡಿದರಾಯಿತು" ಅಂತೀರಾ? ಧಾರಾಳವಾಗಿ ನೋಡಿ. ಆದರೆ ಡೇಟಾ ಸೈನ್ಸಿನಲ್ಲಿ ಅನ್ನ ಹುಟ್ಟಿಸಿಕೊಳ್ಳುವ ನನ್ನಿಂದ ಒಂದು ಎಚ್ಚರಿಕೆಯ ಮಾತು. ಶಿಫಾರಸು ಮಾಡುವ ಅಲ್ಗಾರಿದಂಗಳ ಒಂದು ಮೂಲ ತತ್ವ ಬಹಳ ಸರಳ: ನಿಮ್ಮಂಥವರು ಏನು ನೋಡಿದರೋ ಅದನ್ನು ನಿಮಗೂ ತೋರಿಸು. ಕನ್ನಡ, ತಮಿಳು, ಹಿಂದಿ ನೋಡುವವರು ಇಲ್ಲಿಯವರೆಗೆ 'ವಾಜಿಬ್' ನೋಡಿಲ್ಲ, ಆದ್ದರಿಂದ ಅದು ನಿಮಗೆ ಕಾಣುವುದಿಲ್ಲ. ಕಾಣದ್ದರಿಂದ ನೀವು ನೋಡುವುದಿಲ್ಲ. ನೀವು ನೋಡದ್ದರಿಂದ ಮುಂದಿನವರಿಗೂ ಕಾಣುವುದಿಲ್ಲ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಆ ಲೆಕ್ಕದಲ್ಲಿ 'ಇಷ್ಟ' ಅನ್ನೋದಕ್ಕೆ ಒಂದು ಅಂಕಣ ಇದೆ, 'ವಾಜಿಬ್' ಅನ್ನೋದಕ್ಕೆ ಅಂಕಣವೇ ಇಲ್ಲ. ಅಷ್ಟೇ ಸಮಸ್ಯೆ.

ಉತ್ಸವಕ್ಕೆ ಸಿನಿಮಾ ಆರಿಸುವವರು ಮಾಡುವುದು ಇದರ ತಿರುವುಮುರುವಾದ ಕೆಲಸ. ನಿಮಗೆ ಇಷ್ಟವಾಗತ್ತೆ ಅನ್ನೋ ಖಾತ್ರಿ ಇಲ್ಲದಿದ್ದರೂ, ನೀವು ಇದನ್ನು ನೋಡಬೇಕು ಅಂತ ಒಬ್ಬ ಮನುಷ್ಯ ಹೊಣೆ ಹೊತ್ತು ಹೇಳುತ್ತಾರೆ. 1971ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸುಚಿತ್ರಾ ಫಿಲಂ ಸೊಸೈಟಿ ಮಾಡಿದ್ದೂ ಇದೇ ಕೆಲಸ. ಲೋಕದ ಸಿನಿಮಾ ಕನ್ನಡದ ಮನೆಗೆ ಬಂದದ್ದು ಹಾಗೆ.

ಇಲ್ಲಿ ಹುಟ್ಟಿ ಅಲ್ಲಿಯವರಾಗುವುದು

ಕೊನೆಯದಾಗಿ, ಹೊರದೇಶದಲ್ಲಿ ಹುಟ್ಟಿ ಈಗ ಕನ್ನಡ ಕಲಿಯುತ್ತಿರುವ ನಿಮಗೆ ಒಂದು ಮಾತು. ಅಮ್ಜದ್ ಅಬು ಅಲಾಲಾ ಅನ್ನುವ ನಿರ್ದೇಶಕರು ಹುಟ್ಟಿದ್ದು ದುಬೈನಲ್ಲಿ, ಸುಡಾನಿ ತಂದೆತಾಯಿಗೆ. ನಿಮ್ಮ ಹಾಗೆಯೇ ಎರಡನೇ ತಲೆಮಾರು. ತಮ್ಮ ಮೊದಲ ಕಥಾಚಿತ್ರ 'ಯು ವಿಲ್ ಡೈ ಅಟ್ ಟ್ವೆಂಟಿ'ಯನ್ನು ಅವರು ಮಾಡಿದ್ದು ತಂದೆತಾಯಿಯ ನಾಡಿನಲ್ಲಿ. ಇಡೀ ಸುಡಾನಿನ ಕಥಾಚಿತ್ರಗಳನ್ನು ಬೆರಳಲ್ಲಿ ಎಣಿಸಬಹುದಾಗಿದ್ದ ಕಾಲ ಅದು. 2019ರಲ್ಲಿ ವೆನಿಸ್‌ನಲ್ಲಿ ಮೊದಲ ಚಿತ್ರಗಳಿಗೆ ಕೊಡುವ ಪ್ರಶಸ್ತಿ ಬಂತು. 'ಗುಡ್‌ಬೈ ಜೂಲಿಯಾ'ದ ನಿರ್ಮಾಪಕರೂ ಅವರೇ.

ಅದರ ಕಥೆಯಲ್ಲಿ, ನೈಲ್ ನದಿ ಬಯಲಿನ ಒಂದು ಹಳ್ಳಿಯಲ್ಲಿ ಹುಟ್ಟಿದ ಮಗು ಮುಜಮ್ಮಿಲ್ ಇಪ್ಪತ್ತನೇ ವಯಸ್ಸಿಗೆ ಸಾಯುತ್ತಾನೆ ಅಂತ ಭವಿಷ್ಯ ನುಡಿಯಲಾಗುತ್ತದೆ. ಊರೆಲ್ಲ ನಂಬುತ್ತದೆ, ತಾಯಿಯೂ ನಂಬುತ್ತಾಳೆ. ಹುಡುಗ ಬದುಕಿದ್ದಾಗಲೇ ಸತ್ತವನ ಹಾಗೆ ಬೆಳೆಯುತ್ತಾನೆ. ಊರೂರು ತಿರುಗಿ ವಾಪಸು ಬಂದ ಸುಲೇಮಾನ್ ಅನ್ನೋ ಹಿರಿಯನ ಮನೆಯಲ್ಲಿ ಪ್ರೊಜೆಕ್ಟರ್ ಇದೆ. ಹಳ್ಳಿಯಾಚೆ ಒಂದು ಲೋಕ ಇದೆ ಅಂತ ಹುಡುಗನಿಗೆ ಮೊದಲು ಗೊತ್ತಾಗುವುದು ಆ ಗೋಡೆಯ ಮೇಲಿನ ಬೆಳಕಿನಲ್ಲಿ.

"ನೀನು ಅರ್ಧ ಕನ್ನಡಿಗ", "ನಿನ್ನ ಕನ್ನಡ ಇಷ್ಟೇ", "ಮುಂದಿನ ತಲೆಮಾರಿಗೆ ಇದು ಉಳಿಯಲ್ಲ" ಅಂತ ನಿಮ್ಮ ಬಗ್ಗೆಯೂ ಯಾರೋ ಭವಿಷ್ಯ ನುಡಿದಿರುತ್ತಾರೆ. ಒಂದು ಊರಿಗೆ ಸೇರಿದವರು ಅಂತ ಆಗುವುದು ಪಾಸ್‌ಪೋರ್ಟಿನಿಂದಲೇ ಆಗಿದ್ದರೆ ಅಬು ಅಲಾಲಾ ಆ ಸಿನಿಮಾ ಮಾಡುವ ಅಗತ್ಯವೇ ಇರಲಿಲ್ಲ. ಕೇಳಿ, ನೋಡಿ, ಹೋಗಿ, ಕಲಿತು ಅವರು ಸುಡಾನನ್ನು ತಮ್ಮದು ಮಾಡಿಕೊಂಡರು. ನೀವು ಕನ್ನಡವನ್ನು ಮಾಡಿಕೊಳ್ಳುತ್ತಿರುವುದೂ ಹಾಗೆಯೇ. ಅದೇ ಕಿವಿ, ಅದೇ ಕಣ್ಣು ಈಗ ನೀವು ಬದುಕುತ್ತಿರುವ ಊರಿಗೂ ಸಲ್ಲಬೇಕು. ದೂರದ ಧಾರವಾಡದ ಬಗ್ಗೆ ಹಂಬಲಿಸುತ್ತಾ ಪಕ್ಕದ ವಿಲ್ಲಾದ ಈಜಿಪ್ಟಿನವರ ಹೆಸರು ಗೊತ್ತಿಲ್ಲದಿದ್ದರೆ, ನಮ್ಮ ಭಾಷಾಪ್ರೇಮ ಬರೀ ನಮ್ಮ ಮೇಲಿನ ಪ್ರೀತಿಯಾಗಿಬಿಡುತ್ತದೆ.

ಆ ಊರು ನಮ್ಮನ್ನು ಒಳಗೆ ಕರೆದುಕೊಳ್ಳುತ್ತಾ ಅನ್ನೋ ಪ್ರಶ್ನೆ ಇನ್ನೂ ಹಾಗೇ ಇದೆ. ಅದಕ್ಕೆ ಉತ್ತರ ಕೊಡಬೇಕಾದವರು ಬೇರೆ, ಅವರ ವಾಜಿಬ್ ಬೇರೆ. ಅವರು ಕೊಡುವ ತನಕ ನಮ್ಮದನ್ನು ನಿಲ್ಲಿಸಿಡುವುದು ವ್ಯಾಪಾರವಾಗುತ್ತದೆ, ಕರ್ತವ್ಯ ಆಗುವುದಿಲ್ಲ.

ಈ ತಿಂಗಳು ಒಂದು ಕೆಲಸ ಮಾಡಿ. ಇಲ್ಲಿ ಹೇಳಿದವುಗಳಲ್ಲಿ ಯಾವುದಾದರೂ ಒಂದು ಸಿನಿಮಾ ಆರಿಸಿಕೊಳ್ಳಿ. ಒಬ್ಬರೇ ನೋಡಬೇಡಿ. ಆಫೀಸಿನಲ್ಲೋ ಮಕ್ಕಳ ಶಾಲೆಯಲ್ಲೋ ಪರಿಚಯವಾದ ಒಬ್ಬ ಅರಬ್ ಸ್ನೇಹಿತರನ್ನು ಕರೆಯಿರಿ. ಮುಗಿದ ಮೇಲೆ "ನಿಮ್ಮಲ್ಲಿ ನಿಜವಾಗಲೂ ಹೀಗೇನಾ?" ಅಂತ ಕೇಳಿ. ಬೈರೂತಿನವರಾದರೆ "ನಮ್ಮಲ್ಲಿ ಹೀಗಲ್ಲಪ್ಪ, ಅದು ಅವರಲ್ಲಿ" ಅಂತ ನಗಬಹುದು. ಆಮೇಲೆ ಅವರು ನಿಮ್ಮನ್ನು ಕೇಳುತ್ತಾರೆ, ನಿಮ್ಮಲ್ಲಿ ಲಗ್ನಪತ್ರಿಕೆ ಹೇಗೆ ಹಂಚುತ್ತೀರಿ ಅಂತ. ಹೇಳೋದಕ್ಕೆ ತುಂಬಾ ಇರತ್ತೆ, ಸ್ವಲ್ಪ ಹೊತ್ತು ಇಟ್ಟುಕೊಂಡೇ ಕೂರಿ.